ಶಾಂತಿ ಪಾಠ

ಶಾಂತಿ ಎಂಬ ಮಾತನ್ನು ನಾವು ಮೊದಲು ಕೇಳಿದ್ದು ವಿಶ್ವವಿದ್ಯಾಲಯದಲ್ಲಲ್ಲ. ನಮ್ಮೂರ ಪ್ರೈಮರಿ ಶಾಲೆಯ ಬಯಲಿನಲ್ಲಿ. ತಹಸೀಲ್ದಾರರ ಜೀಪು ಬಂದಿತ್ತು, ಸರ್ಕಲ್ ಇನ್ಸ್‌ಪೆಕ್ಟರ ಜೀಪು ಬಂದಿತ್ತು, ಒಂದು ವ್ಯಾನಿನ ತುಂಬ ಪೊಲೀಸರು ಬಂದಿದ್ದರು. ಶಾಲೆಯೊಳಗಿನ ಕುರ್ಚಿ ಬೆಂಚು ಹೊರಗೆ ಬಂದಿದ್ದವು. ಕುರ್ಚಿಯ ಮೇಲೆ ಅಧಿಕಾರಿಗಳು, ಬೆಂಚಿನ ಮೇಲೆ ಊರಿನವರು, ನೆಲದ ಮೇಲೆ ನಮ್ಮವರು. ಹಿಂದಿನ ದಿನ ಕೇರಿಯ ಹುಡುಗನೊಬ್ಬ ತೇರಿನ ಹಗ್ಗಕ್ಕೆ ಕೈ ಹಾಕಿದ್ದ. ಆ ಕೈ ಮುರಿದಿತ್ತು. ನಾಲ್ಕು ಮನೆಯ ಹೆಂಚು ಪುಡಿಯಾಗಿತ್ತು. ತಹಸೀಲ್ದಾರರು ಎದ್ದು ನಿಂತು, 'ಎರಡೂ ಕಡೆಯವರು ಹೊಂದ್ಕಂಡು ಹೋಗ್ಬೇಕು ಕಣ್ರಪ್ಪ' ಅಂದರು. ಎರಡೂ ಕಡೆಯವರು! ಹೊಡೆದವರದು ಒಂದು ಕಡೆ, ಹೊಡೆಸಿಕೊಂಡವರದು ಇನ್ನೊಂದು ಕಡೆ. ನಮ್ಮವರ ಹೆಬ್ಬೆಟ್ಟು ಒತ್ತಿಸಿಕೊಂಡರು. ಕೊಟ್ಟ ದೂರು ವಾಪಸ್ಸಾಯಿತು. ಮಾರನೇ ದಿನದ ಪೇಪರಿನಲ್ಲಿ ನಾಲ್ಕು ಸಾಲು: ಗ್ರಾಮದಲ್ಲಿ ಶಾಂತಿ ನೆಲೆಸಿದೆ.

ಇದು ನಮ್ಮಲ್ಲಿ ಒಬ್ಬನ ಊರಿನ ಮಾತು. ಹಾಸ್ಟೆಲಿನ ನಮ್ಮ ರೂಮಿನಲ್ಲಿ ಕೂತು ಒಬ್ಬೊಬ್ಬರೂ ಹೇಳುತ್ತಾ ಹೋದಾಗ ತೇರಿನ ಜಾಗಕ್ಕೆ ನಲ್ಲಿ ಬಂತು, ನಲ್ಲಿಯ ಜಾಗಕ್ಕೆ ಹೋಟೆಲಿನ ಲೋಟ ಬಂತು, ಲೋಟದ ಜಾಗಕ್ಕೆ ಸ್ಮಶಾನದ ದಾರಿ ಬಂತು. ಶಾಂತಿ ಸಭೆ ಮಾತ್ರ ಎಲ್ಲರ ಊರಿನಲ್ಲೂ ಒಂದೇ.

ಈ ಶಾಂತಿಯನ್ನು ಕಂಡು ಬಂದ ನಾವು ಎಂ.ಎ. ಕ್ಲಾಸಿನಲ್ಲಿ ಅಂತಾರಾಷ್ಟ್ರೀಯ ಕಾನೂನಿನ ಪೇಪರಿಗೆ ಕೂತೆವು. ಮೇಷ್ಟ್ರು ನೋಟ್ಸ್ ಬರೆಸಿದರು. ಶಾಂತಿ ಎಂದರೆ ಯುದ್ಧವಿಲ್ಲದ ಸ್ಥಿತಿ. 1899 ಮತ್ತು 1907ರ ಹೇಗ್ ಸಮ್ಮೇಳನಗಳು. 1920ರ ರಾಷ್ಟ್ರಗಳ ಸಂಘ. 1928ರ ಪ್ಯಾರಿಸ್ ಒಪ್ಪಂದದಲ್ಲಿ ಯುದ್ಧವನ್ನೇ ಬಿಟ್ಟುಬಿಡುತ್ತೇವೆ ಎಂದು ರಾಷ್ಟ್ರಗಳು ರುಜು ಹಾಕಿದ್ದು. ಹನ್ನೊಂದೇ ವರ್ಷಕ್ಕೆ 1939 ಬಂದದ್ದು. 1945ರ ವಿಶ್ವಸಂಸ್ಥೆಯ ಸನ್ನದು. ಟೋಕಿಯೋ ವಿಚಾರಣೆಯಲ್ಲಿ ನಮ್ಮ ರಾಧಾಬಿನೋದ್ ಪಾಲರು ಬರೆದ ಭಿನ್ನಮತ. 1954ರ ಪಂಚಶೀಲ. ಬುದ್ಧನ ಪಂಚಶೀಲಕ್ಕೂ ಇದಕ್ಕೂ ಏನು ಸಂಬಂಧ ಸಾರ್ ಅಂತ ಒಬ್ಬ ಕೇಳಿದ. ಅದು ಸಿಲಬಸ್ಸಿನಲ್ಲಿಲ್ಲ ಅಂದರು.

ಮೇಷ್ಟ್ರು ಕೆಟ್ಟವರಲ್ಲ. ಅವರಿಗೆ ಅವರ ಮೇಷ್ಟ್ರು ಬರೆಸಿದ್ದನ್ನು ನಮಗೆ ಬರೆಸಿದರು. ನಮ್ಮ ಜಗಳ ಅವರ ಜೊತೆಗಲ್ಲ. ರಾಷ್ಟ್ರ ರಾಷ್ಟ್ರ ಹೊಡೆದಾಡದಿದ್ದರೆ ಅದೇ ಶಾಂತಿ, ರಾಷ್ಟ್ರದೊಳಗೆ ಯಾರು ಯಾರನ್ನು ತುಳಿದರೂ ಅದು ಶಾಂತಿಯ ಪಾಠಕ್ಕೆ ಸೇರಿದ್ದಲ್ಲ ಎನ್ನುವ ಪಾಠದ ಜೊತೆಗೆ ನಮ್ಮ ಜಗಳ.

ಸನ್ನದಿನ 2ನೇ ಕಲಮಿನ 7ನೇ ಪ್ರಕರಣ ಬಂದ ದಿನ ನಮಗೆ ಒಳಗೊಳಗೇ ನಗು ಬಂತು. ಯಾವುದೇ ರಾಷ್ಟ್ರದ ಆಂತರಿಕ ಅಧಿಕಾರವ್ಯಾಪ್ತಿಯ ವಿಷಯದಲ್ಲಿ ವಿಶ್ವಸಂಸ್ಥೆ ಕೈ ಹಾಕಕೂಡದು. ಸ್ವಾಮಿ, ಇದು ನಮಗೆ ಗೊತ್ತಿರುವ ಮಾತು! ಊರ ಗೌಡರು ಜಗಲಿಯ ಮೇಲೆ ಕೂತು ಹೇಳುವ ಮಾತು. 'ನಮ್ಮೂರ ಮಾತು ನಮ್ಮೂರಲ್ಲೇ ಇರ್ಲಿ, ಪೊಲೀಸು ಕೋರ್ಟು ಯಾಕೆ?' ಐದು ದೇಶ ಕಾಯಂ ಆಗಿ ಕಟ್ಟೆಯ ಮೇಲೆ ಕೂತು, ಅದರಲ್ಲಿ ಒಬ್ಬ ಕೈ ಅಡ್ಡ ಮಾಡಿದರೆ ಊರೆಲ್ಲ ಒಪ್ಪಿದ್ದೂ ಬಿದ್ದುಹೋಗುತ್ತದೆ ಅಂದಾಗ ಅದನ್ನು ಅರ್ಥಮಾಡಿಕೊಳ್ಳಲು ನಮಗೆ ಗೈಡು ಬೇಕಾಗಲಿಲ್ಲ. ವಿಟೊ ಎಂಬುದು ನಮ್ಮ ಪಂಚಾಯ್ತಿ ಕಟ್ಟೆಯಲ್ಲಿ ಸನ್ನದು ಹುಟ್ಟುವ ಮೊದಲೇ ಇತ್ತು.

ಆಮೇಲೆ ನಾವು ಲೈಬ್ರರಿಗೆ ಹೋದೆವು. ನೋಟ್ಸಿನಲ್ಲಿ ಇಲ್ಲದ್ದು ಅಲ್ಲಿತ್ತು.

1919ರ ಪ್ಯಾರಿಸ್ ಸಮ್ಮೇಳನ. ರಾಷ್ಟ್ರಗಳ ಸಂಘದ ನಿಯಮಾವಳಿಯಲ್ಲಿ ಜನಾಂಗಗಳ ಸಮಾನತೆಯ ಒಂದು ಸಾಲು ಸೇರಿಸಿ ಎಂದು ಜಪಾನ್ ಕೇಳಿತು. ಹದಿನೇಳರಲ್ಲಿ ಹನ್ನೊಂದು ಮತ ಪರವಾಗಿ ಬಿದ್ದವು. ಅಧ್ಯಕ್ಷರಾಗಿ ಕೂತಿದ್ದ ಅಮೆರಿಕದ ವಿಲ್ಸನ್, ಇದಕ್ಕೆ ಬಹುಮತ ಸಾಲದು, ಎಲ್ಲರೂ ಒಪ್ಪಬೇಕು ಎಂದು ಅದನ್ನು ಬೀಳಿಸಿದರು. ಜಪಾನೇನು ಸಾಚಾ ಅಲ್ಲ, ಕೊರಿಯಾದ ಬೆನ್ನ ಮೇಲೆ ಕೂತೇ ಈ ಮಾತಾಡಿತು. ಆದರೆ ಲೋಕಶಾಂತಿಯ ಮೊದಲ ಕಟ್ಟಡ ಏಳುವಾಗಲೇ ಸಮಾನತೆಯ ಇಟ್ಟಿಗೆಯನ್ನು ಕೈಯಾರೆ ತೆಗೆದು ಪಕ್ಕಕ್ಕೆ ಇಟ್ಟರು ಎಂಬುದನ್ನು ನಮಗೆ ಯಾಕೆ ಬರೆಸಲಿಲ್ಲ?

1945ರ ಸನ್ನದಿಗೆ ಪೀಠಿಕೆಯ ಕರಡು ಬರೆದವರು ದಕ್ಷಿಣ ಆಫ್ರಿಕಾದ ಪ್ರಧಾನಿ ಸ್ಮಟ್ಸ್. ಮನುಷ್ಯನ ಮೂಲಭೂತ ಹಕ್ಕು, ವ್ಯಕ್ತಿಯ ಘನತೆ ಎಂಬ ದೊಡ್ಡ ದೊಡ್ಡ ಮಾತು. ಮನೆಯಲ್ಲಿ ಮಾತ್ರ ಬಿಳಿಯರಿಗೆ ಒಂದು ಬೀದಿ, ಕರಿಯರಿಗೆ ಒಂದು ಬೀದಿ, ಹಿಂದೂಸ್ಥಾನದಿಂದ ಹೋದವರಿಗೆ ಇನ್ನೊಂದು ಬೀದಿ. ಇದನ್ನು 1946ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಎಳೆದು ತಂದದ್ದು ನಮ್ಮ ದೇಶ. ವಿಜಯಲಕ್ಷ್ಮಿ ಪಂಡಿತರು ನಿಂತು ವಾದಿಸಿದರು. ಸ್ಮಟ್ಸ್ ಕೈಯಲ್ಲಿ ಸಿಕ್ಕ ಆಯುಧ ಯಾವುದು ಹೇಳಿ? ಅದೇ 2ನೇ ಕಲಮು, ಅದೇ 7ನೇ ಪ್ರಕರಣ. ಇದು ನಮ್ಮ ಮನೆಯ ವಿಷಯ. ಭಾರತ ಒಪ್ಪಲಿಲ್ಲ. ಹುಟ್ಟಿನ ಮೇಲೆ ಮನುಷ್ಯರನ್ನು ಬೇರೆ ಮಾಡುವುದು ಯಾವ ದೇಶದ ಮನೆಯ ವಿಷಯವೂ ಅಲ್ಲ ಎಂಬ ವಾದಕ್ಕೆ ಮೂರನೇ ಎರಡರಷ್ಟು ಮತ ಬಿದ್ದು ಗೆದ್ದಿತು. ನಾವು ಇದನ್ನು ಓದಿದ ರಾತ್ರಿ ನಿಜವಾಗಿ ಖುಷಿಪಟ್ಟೆವು. ದೇಶದ ಬಗ್ಗೆ ಹೆಮ್ಮೆ ಪಡುವ ಅವಕಾಶ ನಮಗೆ ಆಗಾಗ ಸಿಗುವುದಿಲ್ಲ, ಸಿಕ್ಕಾಗ ಬಿಡುವವರೂ ನಾವಲ್ಲ.

ಅದೇ 1946ರಲ್ಲಿ ಇನ್ನೊಂದು ನಡೆಯಿತು. ಅಮೆರಿಕದ ಕಪ್ಪು ಜನರ ಸಂಘಟನೆಯೊಂದು ತಮ್ಮ ಮೇಲಿನ ಅನ್ಯಾಯದ ಬಗ್ಗೆ ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟಿದೆ ಎಂದು ಬಾಬಾಸಾಹೇಬರು ಪೇಪರಿನಲ್ಲಿ ಓದಿದರು. ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದರು. ನಿಮ್ಮವರ ಸ್ಥಿತಿಗೂ ನಮ್ಮವರ ಸ್ಥಿತಿಗೂ ತುಂಬ ಹೋಲಿಕೆಯಿದೆ, ಆ ಅರ್ಜಿಯ ಎರಡು ಮೂರು ಪ್ರತಿ ಕಳಿಸಿಕೊಡಿ, ಭಾರತದ ಅಸ್ಪೃಶ್ಯರೂ ಇದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ ಎಂಬುದು ಕಾಗದದ ತಿರುಳು. ಜುಲೈ 31ರಂದು ಡುಬಾಯ್ಸ್ ಉತ್ತರ ಬರೆದರು. ಪರಿಶಿಷ್ಟ ಜಾತಿಗಳ ಸ್ಥಿತಿಯ ಬಗ್ಗೆ ವಿಶ್ವಸಂಸ್ಥೆಗೆಂದು ಬಾಬಾಸಾಹೇಬರು ಒಂದು ವರದಿಯನ್ನೇ ಸಿದ್ಧ ಮಾಡಿದ್ದರು. ಆದರೆ ಕೊಡಲಿಲ್ಲ. ಸಂವಿಧಾನ ಸಭೆಗೂ ಮುಂದೆ ಬರುವ ಸಂಸತ್ತಿಗೂ ಒಂದು ಅವಕಾಶ ಕೊಟ್ಟು ನೋಡೋಣ ಎಂದು ತಡೆದರು. ಇದನ್ನು ಅವರೇ ಹೇಳಿಕೊಂಡದ್ದು, 1951ರ ಅಕ್ಟೋಬರಿನಲ್ಲಿ ಮಂತ್ರಿ ಪದವಿ ಬಿಟ್ಟು ಹೊರಬಂದಾಗ ಕೊಟ್ಟ ಹೇಳಿಕೆಯಲ್ಲಿ.

ಗೆಳೆಯರೇ, ಒಂದು ಗಳಿಗೆ ಇಲ್ಲಿ ನಿಲ್ಲಿ. ಕೊಡದೆ ಉಳಿದ ಆ ವರದಿ! ಈ ದೇಶದ ಮಾನವನ್ನು ಲೋಕದ ಕಟ್ಟೆಯ ಮೇಲೆ ಕಾದವರು ಯಾರು? ಸ್ವತಃ ಅಸ್ಪೃಶ್ಯನಾಗಿ ಹುಟ್ಟಿದವನು. ಅವನು ಕೊಟ್ಟ ಅವಕಾಶವನ್ನು ನಾವು ಏನು ಮಾಡಿದೆವು ಎಂದು ಅಂತಾರಾಷ್ಟ್ರೀಯ ಕಾನೂನಿನ ಒಂದು ಕ್ಲಾಸಿನಲ್ಲಾದರೂ ಕೇಳಬೇಕೋ ಬೇಡವೋ?

ಕೇಳದಿರುವುದಕ್ಕೆ ಕಾರಣವಿದೆ. ಕೇಳಿದರೆ ಮುಂದಿನ ಪುಟ ತೆರೆಯಬೇಕಾಗುತ್ತದೆ. 1965ರಲ್ಲಿ ಎಲ್ಲ ರೀತಿಯ ಜನಾಂಗ ತಾರತಮ್ಯವನ್ನು ತೊಡೆದುಹಾಕುವ ಒಡಂಬಡಿಕೆ ಆಯಿತು. ತಾರತಮ್ಯ ಎಂದರೇನು ಎಂದು ಹೇಳುವ 1ನೇ ಕಲಮಿನಲ್ಲಿ ಜನಾಂಗ, ಬಣ್ಣ ಇವುಗಳ ಜೊತೆಗೆ 'ವಂಶ' ಎಂಬ ಪದ ಇದೆ. ಅಂದರೆ ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎಂಬುದು. ಆ ಪದವನ್ನು ಸೇರಿಸಿ ಎಂದು ತಿದ್ದುಪಡಿ ತಂದ ದೇಶ ಯಾವುದು? ಭಾರತ. ನಮ್ಮದೇ ಭಾರತ. 1968ರಲ್ಲಿ ಈ ಒಡಂಬಡಿಕೆಯನ್ನು ಸ್ಥಿರೀಕರಿಸಿತು. ಆಮೇಲೆ 1996ರಲ್ಲಿ ಒಡಂಬಡಿಕೆಯ ಸಮಿತಿ, ನಿಮ್ಮ ಪರಿಶಿಷ್ಟ ಜಾತಿ ಪಂಗಡಗಳ ವಿಷಯವೂ ಈ ಪದದೊಳಗೆ ಬರುತ್ತದಲ್ಲಾ ಎಂದು ಕೇಳಿದಾಗ ನಮ್ಮ ಸರ್ಕಾರದ ಉತ್ತರವೇನು? ವಂಶ ಅಂದರೆ ಜನಾಂಗ ಮಾತ್ರ, ಜಾತಿ ಜನಾಂಗವಲ್ಲ, ಆದ್ದರಿಂದ ಇದು ಇಲ್ಲಿಗೆ ಸೇರುವುದಿಲ್ಲ. ತಾನೇ ನೆಟ್ಟ ಗಿಡ ಫಲ ಬಿಟ್ಟಾಗ ಇದು ನಮ್ಮ ಹಿತ್ತಲಿನದಲ್ಲ ಅನ್ನುವ ಗಿರಾಕಿಯನ್ನು ಏನೆಂದು ಕರೆಯುವುದು?

2001ರಲ್ಲಿ ಡರ್ಬನ್ ನಗರದಲ್ಲಿ ಜನಾಂಗದ್ವೇಷದ ವಿರುದ್ಧ ವಿಶ್ವಸಮ್ಮೇಳನ. ನಮ್ಮ ದಲಿತ ಸಂಘಟನೆಗಳವರು ಅಷ್ಟು ದೂರ ಹೋಗಿ ಡೋಲು ಬಡಿದು ಕೂಗಿದರು. ಜಾತಿ ನಮ್ಮ ಆಂತರಿಕ ವಿಷಯ ಎಂದು ನಮ್ಮ ಸರ್ಕಾರ ಅಡ್ಡ ನಿಂತಿತು. ಕೊನೆಯ ಘೋಷಣೆಯಲ್ಲಿ ಜಾತಿ ಎಂಬ ಒಂದು ಪದವೂ ಉಳಿಯಲಿಲ್ಲ. ಊರು ನೆನಪಿಟ್ಟುಕೊಳ್ಳಿ, ಡರ್ಬನ್. ದಕ್ಷಿಣ ಆಫ್ರಿಕಾ. ಐವತ್ತೈದು ವರ್ಷದ ಹಿಂದೆ ಸ್ಮಟ್ಸ್ ಆಡಿದ ಮಾತನ್ನು ಸ್ಮಟ್ಸ್‌ನ ನೆಲದಲ್ಲೇ ನಿಂತು ನಮ್ಮವರು ಆಡಿದರು. ಮರು ವರ್ಷ, 2002ರಲ್ಲಿ, ಆ ಸಮಿತಿ ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ ವಂಶದ ಮೇಲಿನ ತಾರತಮ್ಯ ಅಂದರೆ ಜಾತಿಯೂ ಸೇರಿದಂತೆ ಎಂದು ಬಿಡಿಸಿ ಬರೆಯಿತು.

ಡರ್ಬನ್‌ಗೆ ಒಂದೂವರೆ ವರ್ಷ ಹಿಂದೆ, 2000ದ ಮಾರ್ಚ್ 11ರಂದು, ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಹಾಕಿ ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಸೆಷನ್ಸ್ ಕೋರ್ಟು ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ತಾವಾಗಿಯೇ ಸುಟ್ಟುಕೊಂಡರೇ? ಇದು ಯಾವ ದೇಶ ಯಾವ ದೇಶದ ಮೇಲೆ ಮಾಡಿದ ಯುದ್ಧವೂ ಅಲ್ಲ. ಹಾಗಾದರೆ ಮೇಷ್ಟ್ರ ನೋಟ್ಸಿನ ಪ್ರಕಾರ 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಶಾಂತಿಯಿತ್ತು.

ಈಗ ನಮ್ಮ ಕಡೆಯ ಗೆಳೆಯರ ಜೊತೆಗೂ ಸ್ವಲ್ಪ ಜಗಳ ಆಡುವುದಿದೆ. ಇದನ್ನೆಲ್ಲ ಹೇಳಿದರೆ ಅವರು, 'ಅದಕ್ಕೇ ಹೇಳಿದ್ದು, ಈ ಪುಸ್ತಕ ಹರಿದು ಬಿಸಾಕ್ರೋ. ಹೇಗ್ ಕೋರ್ಟು ಸಾಮ್ರಾಜ್ಯಶಾಹಿಯ ಗಿಲೀಟು' ಅನ್ನುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. 1986ರಲ್ಲಿ ನಿಕರಾಗುವ ಎಂಬ ಸಣ್ಣ ದೇಶ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಅಮೆರಿಕದ ಮೇಲೆ ಗೆದ್ದಿತು. ತೀರ್ಪು ಪಾಲಿಸಿ ಎಂಬ ನಿರ್ಣಯವನ್ನು ಭದ್ರತಾ ಮಂಡಳಿಯಲ್ಲಿ ಅಮೆರಿಕವೇ ವಿಟೊ ಹಾಕಿ ಕೊಂದಿತು. ಕಳ್ಳನೇ ಪಂಚಾಯ್ತಿಯಲ್ಲಿ ಕೂತು ತೀರ್ಪಿಗೆ ಅಂಕಿತ ಹಾಕಬೇಕು! 2022ರ ಮಾರ್ಚಿಯಲ್ಲಿ ಉಕ್ರೇನಿನಲ್ಲಿ ದಾಳಿ ನಿಲ್ಲಿಸು ಎಂದು ಅದೇ ನ್ಯಾಯಾಲಯ ರಷ್ಯಕ್ಕೆ ಆಜ್ಞೆ ಮಾಡಿತು. ರಷ್ಯ ನಿಲ್ಲಿಸಲಿಲ್ಲ. 2024ರ ಜನವರಿಯಲ್ಲಿ ಗಾಜಾದ ಜನರನ್ನು ಕಾಪಾಡುವ ಕ್ರಮ ಕೈಗೊಳ್ಳಿ ಎಂದು ಇಸ್ರೇಲಿಗೆ ಆಜ್ಞೆಯಾಯಿತು. ಆಮೇಲೂ ಮಕ್ಕಳ ಹೆಣ ಬಿದ್ದವು.

ಆದರೂ ಪುಸ್ತಕ ಹರಿಯಲು ನಾವು ಒಪ್ಪುವುದಿಲ್ಲ. ಪುಸ್ತಕ ಹರಿಯುವ ಸುಖ ಮನೆ ತುಂಬ ಪುಸ್ತಕ ಇದ್ದವರದು. ನಮ್ಮವ್ವ ಕಳೆ ಕಿತ್ತು, ಕಲ್ಲು ಹೊತ್ತು ನಮ್ಮನ್ನು ಇಲ್ಲಿಗೆ ಕಳಿಸಿದ್ದಾಳೆ. ಒಂದು ಹಾಳೆಯನ್ನೂ ಓದದೆ ಬಿಡುವವರಲ್ಲ ನಾವು.

ನೈರುತ್ಯ ಆಫ್ರಿಕಾದ ಕತೆ ನೋಡಿ. ದಕ್ಷಿಣ ಆಫ್ರಿಕಾ ಆ ನೆಲವನ್ನು ಹಿಡಿದು ಕೂತು ವರ್ಣಭೇದ ನಡೆಸುತ್ತಿದೆ ಎಂದು ಇಥಿಯೋಪಿಯ ಮತ್ತು ಲೈಬೀರಿಯ ದೇಶಗಳು ಹೇಗ್‌ಗೆ ಹೋದವು. 1966ರಲ್ಲಿ ನ್ಯಾಯಾಧೀಶರು ಏಳು ಏಳು ಸಮವಾಗಿ ಒಡೆದರು. ಅಧ್ಯಕ್ಷರು ತಮ್ಮ ಹೆಚ್ಚಿನ ಮತ ಹಾಕಿ ದಾವೆ ತಳ್ಳಿಹಾಕಿದರು. ಕಾರಣ? ಈ ವಿಷಯದಲ್ಲಿ ದಾವೆ ಹೂಡುವ ಹಕ್ಕು ಆ ಎರಡು ದೇಶಗಳಿಗೆ ಇಲ್ಲವಂತೆ. 'ಹೊಡೆಸಿಕೊಂಡೋನು ಅವ್ನು, ನಿಂಗೇನೋ ಸಂಬಂಧ?' ಎಂದು ಠಾಣೆಯಲ್ಲಿ ನಮ್ಮನ್ನು ಗದರಿಸುವ ದಫೇದಾರನ ಪ್ರಶ್ನೆ ಇದು. ಅವತ್ತು ಆಫ್ರಿಕದ ಜನ ಪುಸ್ತಕ ಹರಿದು ಮನೆಗೆ ಹೋಗಿದ್ದರೆ ಕತೆ ಮುಗಿಯುತ್ತಿತ್ತು. ಹೋಗಲಿಲ್ಲ. ಬೀದಿಯಲ್ಲೂ ಹೋರಾಡಿದರು, ಕಾಡಿನಲ್ಲೂ ಹೋರಾಡಿದರು, ಮಹಾಸಭೆಯಲ್ಲೂ ಬಿಡಲಿಲ್ಲ. 1971ರಲ್ಲಿ ಅದೇ ನ್ಯಾಯಾಲಯ, ದಕ್ಷಿಣ ಆಫ್ರಿಕಾ ಅಲ್ಲಿ ಇರುವುದೇ ಕಾನೂನುಬಾಹಿರ ಎಂದು ಅಭಿಪ್ರಾಯ ಕೊಟ್ಟಿತು. 1990ರಲ್ಲಿ ನಮೀಬಿಯ ಸ್ವತಂತ್ರವಾಯಿತು. ಕೋರ್ಟು ಬಿಡುಗಡೆ ಮಾಡಿತು ಎಂದು ನಾವು ಹೇಳುತ್ತಿಲ್ಲ. ಜನ ಹೋರಾಡಿದರು, ಹೋರಾಡುವ ಜನ ಕಾನೂನಿನ ಬಾಯಿಂದಲೂ ಸತ್ಯ ಹೊರಡಿಸಿದರು. ಇಷ್ಟೇ. ಅಪರಾಧಿ ಜಾಗದಲ್ಲಿ ನಿಂತಿದ್ದ ಆ ದಕ್ಷಿಣ ಆಫ್ರಿಕಾವೇ, ವರ್ಣಭೇದ ಕಿತ್ತೊಗೆದ ಮೇಲೆ, 2023ರ ಡಿಸೆಂಬರಿನಲ್ಲಿ ಗಾಜಾದ ಪರವಾಗಿ ದೂರು ಹಿಡಿದು ಹೇಗ್‌ಗೆ ಹೋಯಿತು.

ಇನ್ನೊಂದು ಕತೆ ನಮ್ಮ ವಯಸ್ಸಿನವರದು. ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯ, ವನುವಾಟು ಎಂಬ ದ್ವೀಪದೇಶದಲ್ಲಿರುವ ಅದರ ಕಾನೂನು ವಿಭಾಗ. 2019ರಲ್ಲಿ ಇಪ್ಪತ್ತೇಳು ವಿದ್ಯಾರ್ಥಿಗಳು. ಸಮುದ್ರ ಏರಿ ಅವರ ಊರನ್ನು ತಿನ್ನುತ್ತಿದೆ. ಹೊಗೆ ಬಿಟ್ಟವರು ಯಾರೋ, ಮುಳುಗುವವರು ಇವರು. ಕ್ಲಾಸಿನಲ್ಲಿ ಓದಿದ ಕಾನೂನನ್ನೇ ಹಿಡಿದು, ಇದನ್ನು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಬೇಕು ಅಂತ ಹೊರಟರು. ಮೊದಲು ತಮ್ಮ ಸರ್ಕಾರವನ್ನು ಒಪ್ಪಿಸಿದರು, ಆಮೇಲೆ ದೇಶದೇಶ ತಿರುಗಿದರು. 2023ರ ಮಾರ್ಚಿಯಲ್ಲಿ ಮಹಾಸಭೆ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳಿಸಿತು. 2025ರ ಜುಲೈ 23ರಂದು, ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯ ಎಂದು ನ್ಯಾಯಾಧೀಶರೆಲ್ಲ ಒಂದೇ ಧ್ವನಿಯಲ್ಲಿ ಹೇಳಿದರು. ಇದರಿಂದ ನಾಳೆಯೇ ಸಮುದ್ರ ಹಿಂದೆ ಸರಿಯುತ್ತದೆಯೇ? ಇಲ್ಲ. ಆದರೆ ಒಂದು ಕ್ಲಾಸು ಏನು ಮಾಡಬಹುದು ಎಂಬುದನ್ನು ಆ ಹುಡುಗ ಹುಡುಗಿಯರು ತೋರಿಸಿದರು. ಅವರ ಮೇಷ್ಟ್ರು ಮುಳುಗುವ ಊರಿನ ಮಾತನ್ನು ವಿಷಯಾಂತರ ಅನ್ನಲಿಲ್ಲ.

ನಮ್ಮಲ್ಲಿ ಏನಾಯಿತು ಹೇಳುತ್ತೇವೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಎರಡು ದಿನದ 'ಮಾದರಿ ವಿಶ್ವಸಂಸ್ಥೆ' ನಡೆಯಿತು. ಶಾಂತಿ ಮಂತ್ರದಿಂದ ಶುರು. ಕೋಟು ಟೈ ಕಟ್ಟಿದ ಇಂಗ್ಲಿಷ್ ಮೀಡಿಯಂ ಮಕ್ಕಳು ಅಮೆರಿಕ, ಫ್ರಾನ್ಸ್, ಚೀನಾ ಆದರು. ನಮ್ಮನ್ನು ಸ್ವಯಂಸೇವಕರು ಅಂದರು. ಅಂದರೆ ಕುರ್ಚಿ ಹಾಕುವುದು, ನೀರಿನ ಬಾಟ್ಲಿ ಇಡುವುದು, ಊಟದ ಕೂಪನ್ ಹರಿಯುವುದು. ಯಾವನೋ ಒಬ್ಬ ಬರಲಿಲ್ಲ ಅಂತ ನಮ್ಮಲ್ಲೊಬ್ಬನಿಗೆ ಕೊನೇ ಗಳಿಗೆಯಲ್ಲಿ ಹೈಟಿ ದೇಶದ ಫಲಕ ಕೊಟ್ಟು ಕೂರಿಸಿದರು. ಹೈಟಿ ಅಂದರೆ ಗುಲಾಮರೇ ದಂಗೆಯೆದ್ದು 1804ರಲ್ಲಿ ಕಟ್ಟಿದ ದೇಶ ಎಂಬುದು ಕೂರಿಸಿದವರಿಗೆ ನೆನಪಿದ್ದಂತಿರಲಿಲ್ಲ. ಅವನು ಎದ್ದು ಕನ್ನಡದಲ್ಲಿ, ಮಾನ್ಯ ಅಧ್ಯಕ್ಷರೇ, 1965ರ ಒಡಂಬಡಿಕೆಯ 1ನೇ ಕಲಮಿನ ಬಗ್ಗೆ ಭಾರತದ ಪ್ರತಿನಿಧಿಗೆ ಒಂದು ಪ್ರಶ್ನೆ ಅಂದ. ಅಧ್ಯಕ್ಷರಾಗಿದ್ದ ಹುಡುಗಿ ಸಂಘಟಕರ ಮುಖ ನೋಡಿದಳು. ಸಂಘಟಕರು ಕೈಸನ್ನೆ ಮಾಡಿದರು. ಅಜೆಂಡಾದಲ್ಲಿಲ್ಲ, ಭಾಷೆಯೂ ಇಂಗ್ಲಿಷ್ ಆಗಿರಬೇಕು. ಹೈಟಿ ಕೂತುಕೊಂಡಿತು. ಹತ್ತು ನಿಮಿಷದ ನಂತರ ಹೈಟಿಯನ್ನು ಎಬ್ಬಿಸಿ ನೀರು ತರಲು ಕಳಿಸಿದರು. ಸುಳ್ಳಲ್ಲ.

ಸಿಲಬಸ್ ಸಮಿತಿಯ ಹಿರಿಯರಿಗೆ ನಾವು ಕೇಳುವುದು ದೊಡ್ಡದೇನಲ್ಲ. ಪಾಲರ ಭಿನ್ನಮತಕ್ಕೆ ಎರಡು ಗಂಟೆ ಕೊಡುತ್ತೀರಿ, ಕೊಡಿ. ಬಾಬಾಸಾಹೇಬರ ಕಾಗದಕ್ಕೆ, ಕೊಡದ ವರದಿಗೆ ಒಂದು ಗಂಟೆ ಕೊಡಿ. 1946ರ ವಾದವನ್ನೂ 2001ರ ವಾದವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿಸಿ. ನಮ್ಮ ಸಂವಿಧಾನದ 51ನೇ ವಿಧಿ ಲೋಕಶಾಂತಿಯನ್ನು ಬೆಳೆಸು, ಅಂತಾರಾಷ್ಟ್ರೀಯ ಕಾನೂನಿಗೆ ಗೌರವ ಕೊಡು ಎಂದು ಪ್ರಭುತ್ವಕ್ಕೆ ಹೇಳುತ್ತದೆ ಅಂತ ಬರೆಸುತ್ತೀರಿ. ಅದೇ ನಾಲ್ಕನೇ ಭಾಗದಲ್ಲಿ ಐದು ವಿಧಿ ಹಿಂದಕ್ಕೆ ಬಂದರೆ 46ನೆಯದು ಇದೆ. ಪರಿಶಿಷ್ಟರನ್ನು ಸಾಮಾಜಿಕ ಅನ್ಯಾಯದಿಂದ ಕಾಪಾಡು ಎನ್ನುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಓದಿಸಿದರೆ ಯಾರ ಗಂಟೇನು ಹೋಗುತ್ತದೆ? ಕನ್ನಡದಲ್ಲಿ ಓದಿಸಿ. ಬೋಧನೆ, ಶಿಕ್ಷಣದ ಮೂಲಕ ಪೂರ್ವಗ್ರಹ ಅಳಿಸಬೇಕು ಎಂದು ಆ ಒಡಂಬಡಿಕೆಯ 7ನೇ ಕಲಮೇ ಹೇಳುತ್ತದೆ. ನೀವು ರುಜು ಹಾಕಿದ ಕಾಗದವನ್ನು ನೀವೇ ಪಾಲಿಸಿ ಎನ್ನುವುದು ಬಂಡಾಯವಾದರೆ ನಾವು ಬಂಡಾಯಗಾರರೇ ಹೌದು.

ಹಳ್ಳಿಯಲ್ಲಿರುವ ಮೇಷ್ಟ್ರುಗಳೇ, ಅಕ್ಟೋಬರ್ 24ಕ್ಕೆ ನೀವು ವಿಶ್ವಸಂಸ್ಥೆಯ ದಿನ ಆಚರಿಸುತ್ತೀರಿ. ಅದರ ಅಂಗಗಳ ಹೆಸರು ಉರು ಹೊಡೆಸುತ್ತೀರಿ. ಈ ಸಲ ಉರು ಹೊಡೆಸುವ ಮೊದಲು ಮಕ್ಕಳನ್ನು ಒಂದು ಮಾತು ಕೇಳಿ. ನಮ್ಮೂರಲ್ಲಿ ಶಾಂತಿ ಸಭೆ ಆದದ್ದು ಗೊತ್ತಾ? ಅಲ್ಲಿ ಯಾರು ಕುರ್ಚಿ ಮೇಲೆ ಕೂತಿದ್ದರು, ಯಾರು ನೆಲದ ಮೇಲೆ ಕೂತಿದ್ದರು? ಮಕ್ಕಳು ಸುಳ್ಳು ಹೇಳುವುದಿಲ್ಲ. ನಿಮಗೆ ವರ್ಗಾವಣೆಯ ಭಯ ಇರುವುದು ನಮಗೆ ಗೊತ್ತು. ಮೆಲ್ಲಗೆ ಕೇಳಿ, ಆದರೆ ಕೇಳಿ.

ಪರೀಕ್ಷೆಯಲ್ಲಿ ಹದಿನೈದು ಅಂಕದ ಪ್ರಶ್ನೆ ಬಂದಿತ್ತು. ಶಾಂತಿ ಸ್ಥಾಪನೆಯಲ್ಲಿ ಅಂತಾರಾಷ್ಟ್ರೀಯ ಕಾನೂನಿನ ಪಾತ್ರವನ್ನು ವಿವರಿಸಿ. ತೇರಿನ ಹಗ್ಗದ ಊರಿನವನು ಶಾಲೆಯ ಬಯಲಿನಿಂದ ಶುರು ಮಾಡಿ 2ನೇ ಕಲಮಿನವರೆಗೆ ಆರು ಪುಟ ಬರೆದ. ಮೂರು ಅಂಕ ಬಂತು. ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿದರೆ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಪದ: 'ವಿಷಯಾಂತರ'. ಆ ಆರು ಪುಟವನ್ನು ನಾವು ಜೆರಾಕ್ಸ್ ಮಾಡಿಸಿ ಇಟ್ಟಿದ್ದೇವೆ. ಭಾನುವಾರ ಸಂಜೆ ಹಾಸ್ಟೆಲಿನ ಮೇಲಿನ ರೂಮಿನಲ್ಲಿ ಅದನ್ನೂ, ಆ ಒಡಂಬಡಿಕೆಯ ಮೊದಲ ಕಲಮನ್ನೂ ಕನ್ನಡದಲ್ಲಿ ಓದುತ್ತೇವೆ. ಬರುವವರು ಬನ್ನಿ. ಕುರ್ಚಿಯಿಲ್ಲ, ಎಲ್ಲರಿಗೂ ಚಾಪೆ. ಚಹಾದ ಕಾಸು ನೀವೇ ತರಬೇಕು.